ಪಂಕ್ಚರಾದಲ್ಲಿ ಕೂಗಿದ ಹಕ್ಕಿ

ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಇಪ್ಪತ್ತು ವರ್ಷದಿಂದ ಹಕ್ಕಿ ನೋಡೋರ ವ್ಯಾನ್ ಓಡಿಸ್ತಾರೆ. ಮಾತು ಕಮ್ಮಿ, ಸಿಳ್ಳೆ ಜಾಸ್ತಿ. ಕಾಡಲ್ಲಿ ಯಾವ ಹಕ್ಕಿ ಕೂಗಿದ್ರೂ ಸ್ಟೀರಿಂಗ್ ಹಿಡ್ಕೊಂಡೇ ಅದರ ಹೆಸರು ಹೇಳ್ತಾರೆ, ಆಮೇಲೆ ತಾವೂ ಹಾಗೇ ಕೂಗ್ತಾರೆ. ಓದಿದ್ದು ಆರನೇ ಕ್ಲಾಸು. ನಾನು ಗೈಡು, ಕುತ್ತಿಗೆಗೆ ದುರ್ಬೀನು, ಬಾಯಿ ತುಂಬ ದೊಡ್ಡ ದೊಡ್ಡ ಹೆಸರುಗಳು. ನನಗೆ ಹಕ್ಕಿ ಕೂಗು ಕಲಿಸಿದ್ದು ಅವರೇ. ಅದನ್ನ ಯಾರ ಹತ್ರಾನೂ ಹೇಳ್ಕೊಂಡಿಲ್ಲ.

ಆವತ್ತು ಬೆಟ್ಟದ ಲಾಡ್ಜ್ ಬಿಟ್ಟು ಸಮುದ್ರದ ಕಡೆ ಹೊರಟಿದ್ವಿ. ಎಂಟು ಗಂಟೆ ದಾರಿ, ಐದು ಜನ ಅತಿಥಿಗಳು. ಅವರಲ್ಲೊಬ್ಬರು ರಿಟೈರಾದ ನರ್ಸಮ್ಮ, ನೀಲಿ ನೆಲಹಕ್ಕಿಗೋಸ್ಕರ ಮೂರನೇ ಸಲ ಬಂದಿದ್ರು. ಪೊದೆ ಬಿಟ್ಟು ಹೊರಗೆ ಬರದ ಹಕ್ಕಿ ಅದು. ಕಣ್ಣಿಗೆ ಬೀಳದೆ ಬರೀ ಕೂಗು ಕೇಳಿಸಿದ್ರೂ ಸಾಕು, ಕಂಡ ಹಕ್ಕಿಗಳ ಪಟ್ಟಿಗೆ ಸೇರಿಸ್ಕೋಬಹುದು. "ಮುಂದಿನ ವರ್ಷ ಮಂಡಿ ಬಿಡಲ್ಲಪ್ಪ, ಇದೇ ಕೊನೆ" ಅಂದಿದ್ರು. ಇನ್ನೊಂದು ಗಂಟೆಗೆ ಕಾಡೇ ಮುಗೀತಿತ್ತು.

ಅಷ್ಟರಲ್ಲಿ ಟೈರ್ ಪಂಕ್ಚರ್. ಭಾವ ವ್ಯಾನಿನ ಹಿಂದೆ ಜಾಕ್ ಇಟ್ಟರು, ನಾವು ಮುಂದೆ ನೆರಳಲ್ಲಿ ನಿಂತ್ವಿ. ಮೆತ್ತಗೆ ಎರಡು ಉದ್ದ ಸ್ವರ ಕೇಳಿಸ್ತು. ನಾನು ಕೈ ಎತ್ತಿದೆ. "ನೀಲಿ ನೆಲಹಕ್ಕಿ. ಆ ಪೊದೆಯಲ್ಲಿ." ಇನ್ನೊಮ್ಮೆ ಕೇಳಿಸ್ತು. ನರ್ಸಮ್ಮನ ಕಣ್ಣಲ್ಲಿ ನೀರು. ಆಗಲೇ ಹಿಂದೆ ಸ್ಪ್ಯಾನರ್ ಠಣ್ ಅಂತ ಬಿತ್ತು; ನನಗೆ ಸಿಟ್ಟು ನೆತ್ತಿಗೇರ್ತು. "ಭಾವ, ಸ್ವಲ್ಪ ಸದ್ದಿಲ್ದೆ ಕೆಲಸ ಮಾಡಕ್ಕಾಗಲ್ವಾ?" ಅಂತ ಎಲ್ಲರೆದುರು ಗದರಿದೆ. ಸದ್ದು ನಿಂತಿತು. ಕೂಗೂ ನಿಂತಿತು.

ನೀರಿನ ಬಾಟಲಿ ತರಕ್ಕೆ ಹಿಂದೆ ಹೋದಾಗ ಭಾವ ಗ್ರೀಸ್ ಕೈ ಒರೆಸಿಕೊಳ್ತಾ ಪಿಸುಗುಟ್ಟಿದ್ರು: "ಆ ಕೂಗು ನಂದು ಕಣೋ. ಅಭ್ಯಾಸ ಬಲ. ಪಾಪ, ಆಯಮ್ಮನಿಗೆ ಹೇಳಿಬಿಡು."

"ಸುಮ್ನಿರಿ ಭಾವ" ಅಂದೆ. ಹನ್ನೊಂದು ವರ್ಷದಿಂದ ಗೈಡಾಗಿರೋ ನಾನು ಡ್ರೈವರ್ ಸಿಳ್ಳೆಗೆ ಬೇಸ್ತು ಬಿದ್ದೆ ಅಂತ ಹೇಳೋಕೆ ನನಗೆ ಮುಖ ಇರ್ಲಿಲ್ಲ. ನರ್ಸಮ್ಮನ ಖುಷಿಗೋಸ್ಕರ ಅಂತ ನನಗೆ ನಾನೇ ಸಬೂಬು ಹೇಳ್ಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು. ಉಳಿದ ದಾರಿಯೆಲ್ಲ ಭಾವ ಸಿಳ್ಳೆ ಹಾಕಲಿಲ್ಲ.

ಸಂಜೆ ಊಟದ ಮೇಜಿನ ಮುಂದೆ ದಿನದ ಪಟ್ಟಿ ಓದ್ತಿದ್ದೆ. "ನೀಲಿ ನೆಲಹಕ್ಕಿ, ಕೇಳಿಸಿದ್ದು." ನರ್ಸಮ್ಮ ಭಾವನ ಕಡೆ ತಿರುಗಿದ್ರು. "ನಿಮಗೂ ಕೇಳಿಸ್ತಲ್ವಾ?"

ಭಾವ ನನ್ನ ಮುಖ ನೋಡಿದ್ರು. ನಾನೇ ಹೇಳ್ತೀನೇನೋ ಅಂತ ಕಾದ್ರು. ನಾನು ಪಟ್ಟಿಯಿಂದ ತಲೆ ಎತ್ತಲಿಲ್ಲ.

"ಇಲ್ಲಮ್ಮ" ಅಂದ್ರು. "ನನಗೆ ಕಿವಿ ಸ್ವಲ್ಪ ಮಂದ."

ನರ್ಸಮ್ಮ ಅಯ್ಯೋ ಪಾಪ ಅಂತ ಅವರ ಕೈ ತಟ್ಟಿದ್ರು. ನಾನು ಮುಂದಿನ ಹಕ್ಕಿಯ ಹೆಸರು ಓದಿದೆ.