ಸಿಂಹದ ಆಯಕ್ಕೆ ಕಡಿದ ಪಂಖ

ನಾನು ಹೊಳಲ್ಕೆರೆಯ ಬಡಗಿ. ಬಾಗಿಲು, ತೊಟ್ಟಿಲು, ನೊಗ ಮಾಡಿದವನೇ ಹೊರತು ಹಾರುವ ಯಾವುದನ್ನೂ ಮಾಡಿದವನಲ್ಲ. ನಮ್ಮ ಅಕ್ಕನ ಗಂಡ ದುರ್ಗದ ಒಂದು ಹತ್ತಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಆ ಮಿಲ್ಲಿನ ಸಾಹುಕಾರರಿಗೆ ವಿಮಾನದ ಹುಚ್ಚು ಹಿಡಿದಿತ್ತು. ಆಟದ ವಿಮಾನಕ್ಕೆಂದು ಪರದೇಶದಿಂದ ಪುಟ್ಟದೊಂದು ಪೆಟ್ರೋಲ್ ಎಂಜಿನ್ ತರಿಸಿದ್ದರು. ಅದರ ಮೂತಿಗೆ ಹಾಕುವ ಮರದ ಪಂಖ ದಾರಿಯಲ್ಲೇ ಮುರಿದಿತ್ತು. ಹೊಸದನ್ನು ಕೆತ್ತಲು ಭಾವ ನನ್ನನ್ನು ಕರೆಸಿದರು.

ಎಂಜಿನ್ ಜೊತೆ ಬಂದ ಕಾಗದವನ್ನು ನೋಡಿ ಅವರು ಹೇಳಿದರು: “ಹದಿನಾಲ್ಕು ಅಂಗುಲ ಅಂತ ಬರ್ದೈತೆ. ಉದ್ದ ಆದ್ರೆ ಎಂಜಿನ್ ತಿರುಗ್ಸಕ್ಕಾಗಲ್ಲ. ಗಿಡ್ಡ ಆದ್ರೆ ಭಾರ ಇಲ್ದೆ ಹುಚ್ಚೆದ್ದು ತಿರುಗ್ತೈತೆ.”

ನಮ್ಮ ಮನೆತನದಲ್ಲಿ ಆಯ ನೋಡದೆ ಮರಕ್ಕೆ ಉಳಿ ಇಡುವುದಿಲ್ಲ. ಅಳತೆಯನ್ನು ಎಂಟರಿಂದ ಭಾಗಿಸಬೇಕು. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೇಡು. ಹದಿನಾಲ್ಕಕ್ಕೆ ಆರು ಉಳಿಯಿತು. ಆರು ಎಂದರೆ ಕತ್ತೆಯ ಆಯ. ಅಂಥ ಬಾಗಿಲಿಟ್ಟ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಪಂಖವನ್ನು ಬೆರಳಿನಿಂದ ತಿರುಗಿಸಿ ಎಂಜಿನ್ ಶುರು ಮಾಡುವವರು ಭಾವ. ಅಕ್ಕ ಆಗ ಏಳು ತಿಂಗಳ ಬಸುರಿ. ಕೈಯಾರೆ ಕೇಡು ಕೆತ್ತಿ ಅವರ ಕೈಗೆ ಕೊಡುವುದೇ?

ಹದಿಮೂರಕ್ಕೆ ಐದು ಉಳಿಯುತ್ತದೆ, ಎತ್ತಿನ ಆಯ. ಒಳ್ಳೆಯದೇ, ಆದರೆ ಎತ್ತು ಎಲ್ಲಾದರೂ ಹಾರುತ್ತದೆಯೇ? ಹನ್ನೊಂದಕ್ಕೆ ಮೂರು, ಸಿಂಹ. ಅದಾದರೂ ನೆಗೆಯುತ್ತದೆ ಎಂದುಕೊಂಡು ಹನ್ನೊಂದಕ್ಕೇ ಕಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ ದಪ್ಪ ಹಲಗೆಗೆ ಎಂಜಿನ್ ಬಿಗಿದರು. ಭಾವ ಪಂಖವನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ನೋಡಿದರು, ನನ್ನ ಮುಖವನ್ನೂ ನೋಡಿದರು.

“ಎಲ್ಲಾ ನೋಡಿದೀಯೇನಲೇ?”

“ನೋಡೀನಿ ಭಾವ.”

ನಾಲ್ಕನೆಯ ಸಲ ತಿರುಗಿಸಿದಾಗ ಎಂಜಿನ್ ಶುರುವಾಯಿತು. ಸಾಹುಕಾರರು ಚಪ್ಪಾಳೆ ತಟ್ಟಿದರು. ಸದ್ದು ಏರಿತು, ಇನ್ನೂ ಏರಿತು, ನಿಲ್ಲಲೇ ಇಲ್ಲ. ಹಲಗೆ ಗಡಗಡ ನಡುಗಿತು. ಭಾವ ಹೇಳಿದ್ದ ಹುಚ್ಚು ಇದೇ ಎಂದು ನನಗೆ ಆಗ ಹೊಳೆಯಿತು. ದೂರ ಸರಿಯಿರಿ ಎಂದು ಕೂಗಬೇಕಿತ್ತು. ಕೂಗಲಿಲ್ಲ. ಪೆಟ್ರೋಲ್ ನಿಲ್ಲಿಸಲು ಭಾವ ಬಲಗೈ ಚಾಚಿದರು. ಅಷ್ಟರಲ್ಲಿ ಪಂಖ ಪಟ್ಟನೆ ಸಿಡಿಯಿತು.

ಎರಡು ಬೆರಳು ಉಳಿಯಲಿಲ್ಲ.

ಸಾಹುಕಾರರು ಆಸ್ಪತ್ರೆಯ ಜಗಲಿಯಲ್ಲಿ ನಿಂತು ಪರದೇಶದ ಎಂಜಿನ್ನನ್ನೇ ಬೈದರು. ನಾನು ಹೂಂಗುಟ್ಟಿದೆ. ಅಕ್ಕ ಬುತ್ತಿ ತಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಅವಳು ಕೇಳಿದರೆ ಏನು ಹೇಳಲಿ? ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಭಾವ ಒಬ್ಬರೇ ಇದ್ದಾಗ ಹೇಳಿಬಿಟ್ಟೆ, ಹನ್ನೊಂದಕ್ಕೆ ಕಡಿದಿದ್ದೆ ಎಂದು.

“ಗೊತ್ತು ಬಿಡು. ಮೂರು ಅಂಗುಲ ಗಿಡ್ಡ ಐತೆ ಅಂತ ಕೈಗೆ ತಗಂಡಾಗ್ಲೇ ಕಂಡೆ.”

“ಮತ್ತೆ ಯಾಕೆ ಹಾಕಿದ್ರಿ?”

ಅವರು ಕಟ್ಟು ಹಾಕಿದ ಬಲಗೈಯನ್ನು ಎದೆಯ ಮೇಲೆ ಎಳೆದುಕೊಂಡರು.

“ಕಾಗದದಾಗೆ ಹದಿನಾಲ್ಕು ಅಂತ ನೋಡ್ದಾಗಿಂದ ನಂಗೂ ಎದೆ ಹೊಡ್ಕಂತಿತ್ತು ಕಣಪ್ಪ. ನಾನೂ ಬಡಗಿ ಕುಲದಾಗೆ ಹುಟ್ಟಿದೋನಲ್ವಾ? ಗಿಡ್ಡ ಇರೋದು ಕಂಡು, ನೀನು ಆಯ ನೋಡೇ ಕಡ್ದೀಯ ಅಂತ ಧೈರ್ಯ ಬಂತು.”

ಆಮೇಲೆ ನೀರು ಕೇಳಿದರು. ನಾನು ಲೋಟ ತುಂಬಿ, ರೂಢಿಯಂತೆ ಅವರ ಬಲಗೈಯತ್ತ ಚಾಚಿದೆ.