ತಾರೀಖಕ್ಕನ ಹದಿನಾಲ್ಕು ಮೆಟ್ಟಿಲು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಆಕೆ ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದಾರೆ; ಅವರ ಕೆಲಸ ನೋಡಿ ಬರೆಯಲು ಬಂದ ನಾನು ಎದುರಿಗಿದ್ದೇನೆ. "ಹೊಟ್ಟೆಗೇನೂ ಹಾಕ್ಕೊಂಡಿಲ್ಲ ತಾನೆ? ಸರಿ, ಈಗ ಮೆಟ್ಟಿಲು ಹತ್ತಿ. ಹತ್ತುತ್ತಾ ಜೋರಾಗಿ ಎಣಿಸಿ." ಆ ಕಡೆಯ ಗಂಡಸು ತಡೆಯಿಲ್ಲದೆ ಹದಿನಾಲ್ಕು ಮುಟ್ಟುತ್ತಾರೆ. ಆಕೆ ಇವತ್ತಿನ ಪಟ್ಟಿಯಲ್ಲಿ ಆ ಹೆಸರಿಗೊಂದು ಗುರುತು ಹಾಕಿ ಮುಂದಿನ ಹೆಸರಿಗೆ ಬರುತ್ತಾರೆ. ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ.

ಅದು ಒಬ್ಬ ಟೈಲರಮ್ಮನ ಹೆಸರು. ಪಿತ್ತಕೋಶದಲ್ಲಿ ಕಲ್ಲು. ಅವರಿಗೆ ಕೊರೊನಾ ಬಂದಿದ್ದರಿಂದ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿದೆ.

ಆಪರೇಷನ್ ಪಟ್ಟಿ ನೋಡಿಕೊಳ್ಳುವ ಈಕೆಯನ್ನು ಎಲ್ಲರೂ ತಾರೀಖಕ್ಕ ಅನ್ನುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಕರೆ. ಕೊರೊನಾ ಬಂದುಹೋದವರನ್ನು, ತುರ್ತಿಲ್ಲದಿದ್ದರೆ, ಇಲ್ಲಿನ ವೈದ್ಯರು ಏಳು ವಾರ ಕಾಯಿಸುತ್ತಾರೆ. ಏದುಸಿರು ಉಳಿದಿದ್ದರೆ ಇನ್ನಷ್ಟು. ತೀರ್ಮಾನ ಅರಿವಳಿಕೆ ವೈದ್ಯರದು, ಬೈಗುಳ ಮಾತ್ರ ತಾರೀಖಕ್ಕನದು.

ಮೆಟ್ಟಿಲಿನ ಲೆಕ್ಕ ಶುರುವಾದದ್ದು ಒಬ್ಬ ಬಡಗಿ ತಾತನಿಂದ. ತಾರೀಖು ತಪ್ಪೀತೆಂದು ಹೆದರಿ ಅವರು ಜ್ವರ ಮುಚ್ಚಿಟ್ಟಿದ್ದರು. "ನೆಗಡಿ ಅಂದ್ರು, ನಾನೂ ನೆಗಡಿ ಅಂತಾನೇ ಬರ್ಕೊಂಡೆ," ಅನ್ನುವಾಗ ಆಕೆ ನನ್ನ ಮುಖ ನೋಡುವುದಿಲ್ಲ. "ಆಪರೇಷನ್ ಆದ್ಮೇಲೆ ಹದಿನೆಂಟು ದಿನ ಉಸಿರಾಟದ ಮಿಷನ್ನಲ್ಲಿದ್ರು. ಬದುಕಿದ್ರು, ಪುಣ್ಯ."

ಅಂದಿನಿಂದ ಬಾಯಿಮಾತನ್ನು ನಂಬುವುದಿಲ್ಲ, ಮೆಟ್ಟಿಲು ಹತ್ತಿಸಿ ಎಣಿಕೆಯ ನಡುವೆ ಏದುಸಿರು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಮನೆಯಲ್ಲಿ ಮೆಟ್ಟಿಲಿಲ್ಲದವರು ಕುರ್ಚಿಯಿಂದ ಹದಿನಾಲ್ಕು ಸಲ ಎದ್ದು ಕೂರಬೇಕು. ಈ ಚಾಳಿ ಆಕೆಯ ಮನೆಗೂ ಹೋಗಿದೆ. "ನಮ್ಮನೇಲಿ ಸೀನೋಕೂ ಭಯ," ಅಂತ ಮಗಳು ನಗುತ್ತಾಳೆ.

ಟೈಲರಮ್ಮ ಎರಡು ವಾರದ ಹಿಂದೆ ಒಂಬತ್ತನೇ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದರು. ಆಗ ಏಳು ವಾರ ತುಂಬಿತ್ತು. ತಾರೀಖಕ್ಕ ವೈದ್ಯರಿಗೆ ಹೇಳಿದರು, ವೈದ್ಯರು ಮುಂದಕ್ಕೆ ಹಾಕಿದರು. ಆಮೇಲೆ ಟೈಲರಮ್ಮನಿಗೆ ಎರಡು ಸಲ ಹೊಟ್ಟೆನೋವು ಬಂದಿದೆ. "ಕಾಯಿಸೋದೂ ಅಪಾಯಾನೇ. ಕಲ್ಲು ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ? ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ," ಅನ್ನುತ್ತಲೇ ನಂಬರ್ ಒತ್ತುತ್ತಾರೆ.

ಎಣಿಕೆ ಶುರುವಾಗುತ್ತದೆ. ಏಳು. ಎಂಟು. ಒಂಬತ್ತು. ತಾರೀಖಕ್ಕ ಕಣ್ಣು ಮುಚ್ಚುತ್ತಾರೆ. ಹತ್ತು. ಹದಿನಾಲ್ಕೂ ಆಗುತ್ತದೆ, ಅದರ ಬೆನ್ನಿಗೇ ಬೈಗುಳ: "ನಿಮ್ಮನೇವ್ರಿಗೆ ಹಿಂಗಾಗಿದ್ರೆ ಹಿಂಗೇ ಕಾಯಿಸ್ತಿದ್ರಾ, ಹೊಲಿಯೋಕೆ ಕೂತ್ರೆ ನೋವು, ಮಲಗಿದ್ರೆ ನೋವು, ನೀವು ನೋಡಿದ್ರೆ ಬೆಳಗಾಗೆದ್ದು ಮೆಟ್ಟಿಲು ಹತ್ತಿಸ್ತೀರಾ, ಇವತ್ತೂ ಬರ್ಬೇಡಿ ಅಂದ್ರೆ ನಿಮ್ಮ ಬಾಗಿಲಲ್ಲೇ ಬಂದು ಕೂತ್ಕೋತೀನಿ ನೋಡಿ!"

"ಬನ್ನಮ್ಮಾ. ಎಂಟು ಗಂಟೆಗೆ. ಡಾಕ್ಟ್ರು ಇನ್ನೊಂದ್ಸಲ ನೋಡ್ತಾರೆ."

ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನಗುತ್ತಾರೆ. ಇಷ್ಟು ಬೈಸಿಕೊಂಡೂ ನಗುತ್ತೀರಲ್ಲ ಎಂದು ಕೇಳುತ್ತೇನೆ.

"ಕೇಳಿಸ್ಕೊಂಡ್ರಾ?" ಅನ್ನುತ್ತಾರೆ. "ನಡುವೆ ಎಲ್ಲೂ ಉಸಿರಿಗೆ ನಿಲ್ಲಿಸ್ಲಿಲ್ಲ."