ನಮ್ಮ ತೋಟದ ಎಣ್ಣೆ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಒಂಬತ್ತೂಕಾಲು. ಅಕ್ಕನ ಮಗಳು ಚಿತ್ರಾನ್ನದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ಚಿಕ್ಕಮ್ಮ, ಬಾಯೊಳಗೆ ಇರುವೆ ಹರೀತಾ ಇದೆ" ಎಂದಳು.

ನಾನು ಅವಳ ಬಾಯಿ ತೆರೆಸಿ ನೋಡಿದೆ. ಇರುವೆ ಇರಲಿಲ್ಲ. ತುಟಿ ಮಾತ್ರ ಜೇನುಹುಳ ಕಚ್ಚಿದ ಹಾಗೆ ದಪ್ಪಗಾಗುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಒಂದು ಕಣ್ಣು ಪೂರ್ತಿ ಮುಚ್ಚಿಹೋಯಿತು. ಮುಂದಿನ ವಾರ ರಕ್ತ ಪರೀಕ್ಷೆಯ ವರದಿ ಬಂತು. ಅವಳಿಗೆ ಕಡಲೆಕಾಯಿ ಆಗುವುದಿಲ್ಲ. ಡಾಕ್ಟರ್ ವರದಿಯನ್ನು ಮಡಚಿ ಅಕ್ಕನ ಕೈಗೆ ಕೊಡುತ್ತಾ ಹೇಳಿದರು: "ಈ ಸಲ ಬರೀ ಊತ. ಇನ್ನೊಂದು ಸಲ ಉಸಿರಿಗೇ ಬರಬಹುದು. ಯಾವ ಸಲ ಅಂತ ನಾನು ಹೇಳೋಕಾಗಲ್ಲ. ಉಬ್ಬಸ ಬಂದ್ರೆ ಮನೇಲಿ ನೋಡ್ತಾ ಕೂರಬೇಡಿ."

ಅವಳಿಗೆ ಆಗ ನಾಲ್ಕು ವರ್ಷ. ನಾವು ಇರುವುದು ತುಮಕೂರಿನ ಸದಾಶಿವನಗರದಲ್ಲಿ. ಅಕ್ಕ ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಹೈಸ್ಕೂಲಿನಲ್ಲಿ ಪಾಠ ಮಾಡಿ ಬರುತ್ತಾಳೆ. ಭಾವನಿಗೆ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುವುದರಿಂದ ಮಗುವಿನ ಊಟ ತಿಂಡಿ ನನ್ನ ಪಾಲಿನದು. ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಅಂದಿನಿಂದ ಅದರಲ್ಲಿ ಅವಳು ತಿಂದದ್ದನ್ನೂ ಬರೆಯತೊಡಗಿದೆ. ದದ್ದು ಎದ್ದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಗೀಟು.

ಆ ವಾರವೇ ಮನೆಯಿಂದ ಕಡಲೆಕಾಯಿಯನ್ನು ಗಡೀಪಾರು ಮಾಡಿದೆವು. ಬೀಜದ ಡಬ್ಬ, ಚಟ್ನಿಪುಡಿ, ಎಣ್ಣೆ ಪ್ಯಾಕೆಟ್ಟು, ಎಲ್ಲ ಹೋಯಿತು. ಮಿಕ್ಸಿ ಜಾರನ್ನೂ ಬದಲಾಯಿಸಿದೆವು. ಕಷ್ಟವಾದದ್ದು ಬಾಗಿಲಿಗೆ ಬರುವ ತಿಂಡಿಯದು. ನಮ್ಮ ಕಡೆ ಮಕ್ಕಳಿರುವ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ತಂದದ್ದನ್ನು ಮಗುವಿನ ಕೈಗೇ ಕೊಡಬೇಕು, ಸಾಧ್ಯವಾದರೆ ಬಾಯಿಗೇ ಇಡಬೇಕು. ಬೇಡ ಎಂದರೆ ಮುಖ ಸಣ್ಣದಾಗುತ್ತದೆ. ಹಾಗಾಗಿ ಬೆಲ್ ಆದ ಕೂಡಲೇ ನಾನೇ ಓಡಿಹೋಗಿ ಬಾಗಿಲಲ್ಲೇ ಪೊಟ್ಟಣ ಇಸಿದುಕೊಳ್ಳುವುದು ರೂಢಿಯಾಯಿತು. "ನಿನ್ ತಂಗಿ ನೋಡೇ, ಟೋಲ್ ಗೇಟಲ್ಲಿ ನಿಂತಂಗೆ ನಿಂತವ್ಳೆ" ಎಂದು ಭಾವ ಅಕ್ಕನಿಗೆ ಹೇಳಿ ನಗುತ್ತಿದ್ದರು.

ಡಿಸೆಂಬರಿನಲ್ಲಿ ಭಾವನ ತಾಯಿ ಅಮೃತೂರಿನಿಂದ ಬಂದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಸೊಂಟದ ಮೇಲೆ ಹತ್ತು ಲೀಟರಿನ ಕ್ಯಾನು. ತೋಟದ ಕೊಬ್ಬರಿಯನ್ನು ಕುಣಿಗಲ್ಲಿನ ಮಿಲ್ಲಿಗೆ ಹಾಕಿಸಿ ತಂದ ಎಣ್ಣೆ.

"ಅಂಗಡಿ ಎಣ್ಣೆಗೆ ಏನ್ ಬೆರೆಸವ್ರೋ ಯಾರು ಕಂಡವ್ರೆ? ಇದು ನಮ್ಮ ತೋಟದ್ದು ಕಣಮ್ಮಿ. ನಾನೇ ಕಾಯಿ ಒಡ್ದು, ನಾನೇ ಒಣಗ್ಸಿ, ಮುಂದೆ ನಿಂತ್ಕೊಂಡು ಆಡ್ಸಿರೋದು. ಮಗೀಗೆ ಇನ್ಮೇಲೆ ಇದ್ರಲ್ಲೇ ಮಾಡು."

"ತಲೆಗ್ ಹಾಕೋ ಎಣ್ಣೇಲಿ ಒಗ್ಗರಣೆನಾ ಅವ್ವ?" ಎಂದರು ಭಾವ. "ಬುಡು, ಊಟ ಮಾಡಿದ್ರೆ ಕೂದ್ಲಾದ್ರೂ ಬರ್ತದೆ."

"ನಿಂಗಿರೋ ನಾಕು ಕೂದ್ಲಲ್ಲಿ ಇನ್ನೇನ್ ಉಳ್ಸೋದೈತೆ? ಸುಮ್ನೆ ತಿನ್ಲಾ."

ಅಂದಿನಿಂದ ಮನೆಯವರೆಲ್ಲ ಅದೇ ಎಣ್ಣೆಯನ್ನು ಬಳಸಿದೆವು. ಚಳಿಗೆ ಅದು ಬೆಳ್ಳಗೆ ಗಟ್ಟಿಯಾಗುತ್ತಿತ್ತು. ನಾನು ಮೇಲಿನಿಂದ ಚಮಚದಲ್ಲಿ ಕೆತ್ತಿ ತೆಗೆಯುತ್ತಿದ್ದೆ. ಭಾನುವಾರ ಮಗುವಿನ ತಲೆಗೂ ಅದನ್ನೇ ಹಚ್ಚುತ್ತಿದ್ದೆ.

ಜನವರಿಯಲ್ಲಿ ಎರಡು ಕೆಂಪು ಗೀಟು ಬಿದ್ದವು. ಕಿವಿಯ ಹಿಂದೆ, ಕತ್ತಿನಲ್ಲಿ ಸಣ್ಣ ದದ್ದು. ಫೆಬ್ರವರಿಯಲ್ಲಿ ಐದು. ಮನೆಯಲ್ಲಿ ಒಂದು ಕಾಳು ಕಡಲೆಬೀಜವೂ ಇರಲಿಲ್ಲ. ನಾನು ಸೋಫಾದ ಸಂದಿಯಲ್ಲಿ, ಫ್ರಿಜ್ಜಿನ ಕೆಳಗೆ, ಅವಳ ಗೊಂಬೆಗಳ ಬುಟ್ಟಿಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಅವಳು ಆಡುತ್ತಾ ಆಡುತ್ತಾ ಕತ್ತು ಕೆರೆದುಕೊಂಡರೆ ಅಕ್ಕ ಮಾತು ನಿಲ್ಲಿಸಿಬಿಡುತ್ತಿದ್ದಳು. ಮನೆಯೊಳಗೆ ಯಾವುದೋ ಒಂದು ಬಂದು ಕೂತಿತ್ತು. ಯಾವುದು ಎಂದು ಗೊತ್ತಿರಲಿಲ್ಲ.

ಮಾರ್ಚ್ ಎಂಟರಂದು ಗುಬ್ಬಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ತಿನ್ನುವುದೇನೂ ತರಬೇಡಿ, ಮಗುವಿಗೆ ಆಗುವುದಿಲ್ಲ ಎಂದು ಅಕ್ಕ ಮೊದಲೇ ಫೋನ್ ಮಾಡಿದ್ದಳು. ಅಂಗಡಿಯದು ಬೇಡವೆಂದು ಅತ್ತೆ ಹಿಂದಿನ ದಿನವೇ ಬಂದು ಕೋಡುಬಳೆಗೆ ಕೂತರು. ಬಿಸಿಲು ಶುರುವಾಗಿದ್ದರಿಂದ ಎಣ್ಣೆ ಕರಗಿ ನೀರಾಗಿತ್ತು. ಕ್ಯಾನಿನಲ್ಲಿ ಉಳಿದಿದ್ದೇ ಸ್ವಲ್ಪ. ಅತ್ತೆ ಅದನ್ನು ಬಗ್ಗಿಸಿ, ತಳದ ಬೂದುಬಣ್ಣದ ಗಸಿಯ ಸಮೇತ ಬಾಣಲೆಗೆ ಸುರಿದು ಕಾಯಿಸಿ, ಅದರಲ್ಲಿ ನಾಲ್ಕು ಸೌಟು ಹಿಟ್ಟಿಗೆ ಹಾಕಿ ಕಲಸಿದರು. "ಗಸೀಲೇ ರುಚಿ ಇರೋದು" ಎಂದರು.

ಬಂದವರು ನಾಲ್ವರು: ಹುಡುಗ, ಅವನ ತಂದೆ ತಾಯಿ, ಅಜ್ಜಿ. ಅಜ್ಜಿಯ ಕೈಯಲ್ಲಿ ಒಂದು ಪೊಟ್ಟಣ.

"ಬೇಡ ಅಂದ್ರು, ಆದ್ರೂ ಮಗು ಇರೋ ಮನೆ, ಬರಿಗೈಲಿ ಹೆಂಗ್ ಬರೋದು ಹೇಳಿ" ಎಂದರು ಅಜ್ಜಿ. "ಹಣ್ಣು ತಗೊಳಣ ಅಂದ್ರೆ ಅಂಗಡಿ ತೆಗ್ದಿರ್ಲಿಲ್ಲ. ಇದು ಕಡಲೆಮಿಠಾಯಿ, ನಾನೇ ಮಾಡಿದ್ದು."

ಅಕ್ಕ ಅದನ್ನು ಬಾಂಬಿನಂತೆ ಹಿಡಿದುಕೊಂಡು ಹೋಗಿ ಎರಡು ಕವರಿನಲ್ಲಿ ಸುತ್ತಿ ತಾರಸಿಯ ಮೆಟ್ಟಿಲ ಮೇಲಿಟ್ಟು ಬಂದಳು. ಅಜ್ಜಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಪು ಕೊಟ್ಟಳು. ಅಜ್ಜಿ ನಗುತ್ತಲೇ ಕೈ ತೊಳೆದು ಬಂದು ಮಗುವಿನ ಕೆನ್ನೆ ಮುಟ್ಟಿ, "ನಮ್ಮನೇಲಿ ನಿಂಗೇನೂ ಕೊಡಲ್ಲ ಕಂದ, ಬರೀ ಮುತ್ತು" ಎಂದರು. ನಾವೆಲ್ಲರೂ ಆ ಕೈಗಳನ್ನೇ ನೋಡುತ್ತಿದ್ದೆವು. ನನ್ನನ್ನು ಏನು ಕೇಳಿದರು, ನಾನು ಏನು ಹೇಳಿದೆ, ಒಂದೂ ನೆನಪಿಲ್ಲ. ಮಗು ಮೂಲೆಯಲ್ಲಿ ಕೂತು ಸ್ಟೀಲ್ ತಟ್ಟೆಯಿಂದ ಕೋಡುಬಳೆ ತಿನ್ನುತ್ತಿದ್ದಳು. ಆ ಕಡೆ ಯಾರೂ ನೋಡಲಿಲ್ಲ. ಅದು ನಮ್ಮ ಮನೆಯ ತಿಂಡಿ.

ಮೊದಲು ಒಂದು ಸಣ್ಣ ಕೆಮ್ಮು, ಗಂಟಲಿಗೆ ಕೂದಲು ಸಿಕ್ಕಿದ ಹಾಗೆ. ಆಮೇಲೆ ಇನ್ನೊಂದು. "ನೀರು" ಎಂದಳು. ಆ ದನಿ ಅವಳದಾಗಿರಲಿಲ್ಲ, ಯಾವುದೋ ಮುದುಕಿಯ ದನಿಯಂತೆ ಒಡೆದಿತ್ತು. ನಾನು ಲೋಟ ಹಿಡಿದುಕೊಂಡು ಬರುವಷ್ಟರಲ್ಲಿ ತುಟಿಯ ಸುತ್ತ ನೀಲಿ.

ನಮ್ಮ ಮನೆಯಲ್ಲಿ ಕಾರಿಲ್ಲ. ಹುಡುಗನ ತಂದೆ ಏನೂ ಕೇಳದೆ ಕಾರಿನ ಕೀ ತೆಗೆದುಕೊಂಡು ಎದ್ದರು. ಹಿಂದಿನ ಸೀಟಿನಲ್ಲಿ ಅಕ್ಕ, ನಾನು, ಮಗು, ಮುಂದೆ ಅಜ್ಜಿ. ಪ್ರತಿ ಉಸಿರಿಗೂ ಹಳೆಯ ಬಾಗಿಲು ತೆರೆದ ಹಾಗೆ ಸದ್ದು ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಆ ಸದ್ದು ಒಂದು ಕ್ಷಣ ನಿಂತಿತು. ಅಕ್ಕ ಮಗುವಿನ ಬೆನ್ನಿಗೆ ಹೊಡೆದಳು. ಮತ್ತೆ ಬಂತು.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು, ಮಾಸ್ಕ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಸರಾಗವಾಯಿತು. ಭಾವನ ಜೊತೆ ಆಟೋದಲ್ಲಿ ಹಿಂದೆಯೇ ಬಂದ ಅತ್ತೆ ವಾರ್ಡಿನ ಬಾಗಿಲಲ್ಲಿ ಅಜ್ಜಿಯನ್ನು ತಡೆದು ನಿಲ್ಲಿಸಿದರು.

"ಅಷ್ಟು ಹೇಳಿದ್ರೂ ತಂದ್ರಲ್ಲಮ್ಮ. ಆ ಕೈಲಿ ಮಗೀನ ಕೆನ್ನೆ ಮುಟ್ಟುದ್ರಲ್ಲ."

"ತೊಳ್ದಿದ್ದೆ ಕಣವ್ವ" ಎಂದರು ಅಜ್ಜಿ. "ಸೋಪ್ ಹಾಕೇ ತೊಳ್ದಿದ್ದೆ." ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಸೆರಗಿನೊಳಗೆ ಇಟ್ಟುಕೊಂಡರು.

ಸಂಬಂಧ ಮುಂದುವರಿಯಲಿಲ್ಲ. ಅದರ ಬೇಸರಕ್ಕಿಂತ ನಮಗೆ ನೆಮ್ಮದಿಯೇ ಹೆಚ್ಚಾಗಿತ್ತು: ಕಾರಣ ಸಿಕ್ಕಿತ್ತು, ಅದು ಹೊರಗಿನಿಂದ ಬಂದದ್ದು.

ಆ ನೆಮ್ಮದಿ ಗುರುವಾರದ ತನಕ ಇತ್ತು. ಸಂಜೆ ಮಗು ಡಬ್ಬದಲ್ಲಿ ಉಳಿದ ಕೋಡುಬಳೆಗೆ ಹಟ ಮಾಡಿದಳು. ಅಕ್ಕ ಒಂದು ತುಂಡು ಮುರಿದು ಕೊಟ್ಟಳು. ಅವಳು ಅದನ್ನು ಬಾಯಿಗಿಟ್ಟು, ಮುಖ ಕಿವುಚಿ, ಉಗಿದಳು. "ಇರುವೆ" ಎಂದಳು.

ಅಕ್ಕ ಅವಳ ಬಾಯಿ ತೊಳೆಸಿ, ಔಷಧಿ ಕುಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಎದೆಯ ಏರಿಳಿತ ನೋಡುತ್ತಾ ಕೂತಳು. ಈ ಸಲ ತುಟಿಯಷ್ಟೇ ಊದಿತು. ನಾನು ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬ ಮುಟ್ಟಿ ನೋಡಿದೆ. ಪ್ಯಾಕೆಟ್ಟಿನ ಅಕ್ಕಿಹಿಟ್ಟು, ಹುರಿಗಡಲೆ, ಖಾರದಪುಡಿ, ಉಪ್ಪು, ಇಂಗು: ಎಲ್ಲವನ್ನೂ ಅವಳು ಬೇರೆ ಬೇರೆಯಾಗಿ ತಿಂದಾಗ ಏನೂ ಆಗಿರಲಿಲ್ಲ. ಉಳಿದದ್ದು ಒಲೆಯ ಪಕ್ಕದ ಖಾಲಿ ಕ್ಯಾನು. ಇಷ್ಟು ದಿನ ನಾನು ಬರೆದಿಟ್ಟದ್ದು ದೋಸೆ, ಪಲ್ಯ, ಒಗ್ಗರಣೆ ಅನ್ನ. ಎಣ್ಣೆ ಎಂದು ಒಂದು ದಿನವೂ ಬರೆದಿರಲಿಲ್ಲ. ಉಸಿರಾಡುವ ಗಾಳಿಯನ್ನು ಯಾರೂ ಬರೆಯುವುದಿಲ್ಲವಲ್ಲ, ಹಾಗೆ.

ಏಪ್ರಿಲ್ ಮೊದಲ ವಾರ ಅತ್ತೆ ಮತ್ತೆ ಕೊಬ್ಬರಿ ಹಾಕಿಸಲು ಹೊರಟಾಗ ನಾನೂ ಕುಣಿಗಲ್ಲಿಗೆ ಹೋದೆ. ಸಣ್ಣ ಮಿಲ್ಲು. ಗೋಡೆ, ನೆಲ, ದೀಪದ ಸ್ವಿಚ್ಚು, ಎಲ್ಲದಕ್ಕೂ ಎಣ್ಣೆಯ ಜಿಡ್ಡು. ನಮ್ಮ ಚೀಲ ಬಿಚ್ಚುವ ಮೊದಲು ಮಿಲ್ಲಿನವನು ಮೂಲೆಯ ಗೋಣಿಯಿಂದ ಎರಡು ಮೊರ ಕಂದು ಬಣ್ಣದ ಹಿಂಡಿಯನ್ನು ತಂದು ಮಿಷನ್ನಿಗೆ ಸುರಿದ.

"ಅದೇನದು?" ಎಂದೆ.

"ಕಡ್ಲೆಕಾಯಿ ಹಿಂಡಿ ಮೇಡಂ. ಮಿಷನ್ ಬಿಸಿ ಆಗ್ಬೇಕಲ್ಲ. ತಣ್ಣಗಿರೋದ್ಕೆ ಕೊಬ್ಬರಿ ಹಾಕಿದ್ರೆ ಕಚ್ಚಲ್ಲ, ಜಾರುತ್ತೆ. ಇದು ಹೋಗಿ ದಾರಿ ಮಾಡುತ್ತೆ, ಹಿಂದೆ ನಿಮ್ದು ಬರುತ್ತೆ."

"ಯಾವಾಗ್ಲೂ ಹಿಂಗೇನಾ?"

"ನಮ್ಮಪ್ಪನ ಕಾಲದಿಂದ್ಲೂ ಹಿಂಗೇ. ಅಮ್ಮಾರು ಪ್ರತಿ ಸಲ ನಿಂತ್ಕೊಂಡು ನೋಡ್ತಾರಲ್ಲ, ಕೇಳಿ."

ನಾನು ಅತ್ತೆಯ ಕಡೆ ತಿರುಗಿದೆ. ಅವರು ಅದನ್ನು ಪ್ರತಿ ಸಲವೂ ನೋಡಿದ್ದರು. ಅವರ ಕಣ್ಣು ಇದ್ದದ್ದು ನಮ್ಮ ಕೊಬ್ಬರಿಗೆ ಯಾರಾದರೂ ಬೇರೆಯವರ ಕೊಬ್ಬರಿ ಬೆರೆಸುತ್ತಾರೇನೋ ಎಂಬುದರ ಮೇಲೆ. ಕೆಳಗೆ ತಟ್ಟೆಗೆ ಮೊದಲ ಎಣ್ಣೆ ಮಬ್ಬಾಗಿ, ಕ್ಯಾನಿನ ತಳದ ಗಸಿಯ ಹಾಗೆಯೇ ಬೂದುಬೂದಾಗಿ ಇಳಿಯುತ್ತಿತ್ತು.

"ನಿಲ್ಸಪ್ಪ" ಎಂದರು ಅತ್ತೆ. ಮಿಷನ್ನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಖಾಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೂತರು. "ನಮ್ ತೋಟದ್ದೇ ವಿಷ ಅಂತೀಯಾ?" ಎಂದು ಒಮ್ಮೆ ಜಗಳಕ್ಕೆ ಬಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಆರು ಮನೆಗೆ ಕೊಟ್ಟಿವ್ನಿ ಕಣಮ್ಮಿ. ನಮ್ ಮಗಿ ಬಂದಾಗ ಇದ್ರಲ್ಲೇ ಮಾಡಿ, ಬೇರೇದ್ರಲ್ಲಿ ಮಾಡ್ಬೇಡಿ ಅಂತ ಆಣೆ ಹಾಕ್ಸಿ ಕೊಟ್ಟಿವ್ನಿ."

ಮಗು ಯಾವ ಯಾವ ಮನೆಯಲ್ಲಿ ಉಣ್ಣುತ್ತಾಳೋ ಆ ಎಲ್ಲ ಮನೆಗಳಲ್ಲೂ ಆ ಎಣ್ಣೆ ಅವಳಿಗಾಗಿಯೇ ಕಾದು ಕೂತಿತ್ತು.

ಐದು ಮನೆಗೆ ನಾನು ಫೋನ್ ಮಾಡಿದೆ. ಇನ್ನು ದೀಪಕ್ಕಷ್ಟೇ ಬಳಸುತ್ತೇವೆ ಎಂದರು. ಗುಬ್ಬಿಯ ಅಜ್ಜಿಗೂ ಮಾಡಿದೆ. ಎಲ್ಲ ಕೇಳಿ ಅವರು, "ಮಗು ಹೆಂಗಿದೆ ಈಗ?" ಎಂದಷ್ಟೇ ಕೇಳಿದರು.

ಆರನೆಯ ಮನೆ ಭಾವನ ತಂಗಿಯದು, ಅದೂ ಗುಬ್ಬಿಯಲ್ಲೇ. ಜೂನಿನಿಂದ ಮಗು ಅಕ್ಕನ ಜೊತೆ ಬಸ್ಸಿನಲ್ಲಿ ಹೋಗಿ ಅಲ್ಲಿಯ ಶಾಲೆಗೆ ಸೇರುತ್ತಾಳೆ. ಮಧ್ಯಾಹ್ನದ ಊಟ ಅವರ ಮನೆಯಲ್ಲಿ ಎಂದು ಹಿಂದಿನ ವರ್ಷವೇ ಮಾತಾಗಿದೆ. "ಗುಬ್ಬಿ ಅಜ್ಜಿ ಆಯ್ತು, ಈಗ ನಮ್ಮವ್ವನ ಎಣ್ಣೆನಾ?" ಎಂದರು ಅವರು. "ನಿಂಗೆ ಆ ಪುಸ್ತಕದಲ್ಲಿ ಬರೆಯೋಕೆ ಏನಾದ್ರೂ ಒಂದ್ ಬೇಕು ಕಣೇ. ನಮ್ಮನೇಲಿ ಮಗೂಗೆ ಏನೂ ಆಗಲ್ಲ, ನಾನು ನೋಡ್ಕೋತೀನಿ." ಅತ್ತೆಯೇ ಫೋನ್ ಮಾಡಿ ಹೇಳಿದರೂ, ನಾವು ಅವರಿಂದ ಹೇಳಿಸಿದ್ದೇವೆ ಎಂದುಕೊಂಡರು. ಅವರ ಅಡುಗೆಮನೆಯಲ್ಲಿ ಕ್ಯಾನು ಈಗ ಅರ್ಧಕ್ಕಿಂತ ಕೆಳಗೆ ಬಂದಿದೆಯಂತೆ. ಗಸಿ ಇರುವುದು ತಳದಲ್ಲೇ.

ಅಕ್ಕ ಡಬ್ಬಿ ಕಟ್ಟಿ ಕಳಿಸುತ್ತೇನೆ ಎನ್ನುತ್ತಾಳೆ. ಆದರೆ ಡಬ್ಬಿಯ ಪಕ್ಕದಲ್ಲಿ ಪ್ರೀತಿಯಿಂದ ಇಡುವ ಒಂದು ಹಪ್ಪಳವನ್ನು ಯಾರು ತಡೆಯುವುದು?

ಆದ್ದರಿಂದ ಇದನ್ನು ಓದುವ ನಿಮ್ಮನ್ನು ಕೇಳುತ್ತಿದ್ದೇನೆ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಕೊಬ್ಬರಿಯನ್ನು ಮಾತ್ರ ಆಡಿಸುವ ಮಿಲ್ಲು ಇದೆಯೇ? ಮಿಷನ್ನನ್ನು ತೊಳೆದು ಆಡಿಸಿದರೆ ಸಾಕೇ, ಸಾಲದೇ? ಇಂಥ ಮಗುವನ್ನು ಬೆಳೆಸಿದವರು, ನಂಬದ ನೆಂಟರನ್ನು ನೋಯಿಸದೆ ನಂಬಿಸಿದವರು ಯಾರಾದರೂ ಇದ್ದರೆ, ಹೇಗೆ ಮಾಡಿದಿರಿ ಎಂದು ಬರೆದು ತಿಳಿಸಿ. ಶಾಲೆ ಶುರುವಾಗುವ ಮೊದಲೇ ನಿಮ್ಮ ಪತ್ರ ಬಂದರೆ ಒಳ್ಳೆಯದು.